ಬಾಗಿಲು ಮತ್ತು ಮೆಟ್ಟಿಲು: ನಾಲ್ವಡಿ ಕೃಷ್ಣರಾಜ ಒಡೆಯರ ವಿದ್ಯಾಸೇವೆ



ಕಾಲೇಜಿಗೆ ಸೇರುವ ಅರ್ಜಿಯನ್ನು ನೀವೂ ತುಂಬಿರುತ್ತೀರಿ. ಹೆಸರು, ತಂದೆಯ ಹೆಸರು, ವಿಳಾಸ ಬರೆದಾದ ಮೇಲೆ ಪ್ರವರ್ಗ ಎಂಬ ಒಂದು ಕಾಲಂ ಬರುತ್ತದೆ. ನಮ್ಮ ಹುಡುಗರು ಅಲ್ಲಿ 2ಬಿ ಎಂದು ಬರೆಯುತ್ತಾರೆ. ಪಕ್ಕದಲ್ಲಿ ಕುಳಿತ ಗೆಳೆಯ ಪರಿಶಿಷ್ಟ ಪಂಗಡ ಎಂದೋ, 2ಎ ಎಂದೋ, 3ಬಿ ಎಂದೋ ಬರೆಯುತ್ತಾನೆ. ನಾಡಕಚೇರಿಯಲ್ಲಿ ಸರದಿ ನಿಂತು ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಅರ್ಜಿಗೆ ಲಗತ್ತಿಸಿದರೆ ನಮ್ಮ ಕೆಲಸ ಮುಗಿಯಿತು. ಆ ಕಾಲಂ ಎಲ್ಲಿಂದ ಬಂತು, ಯಾರು ತಂದರು ಎಂದು ಯೋಚಿಸಲು ನಮಗೆ ಬಿಡುವಿರುವುದಿಲ್ಲ.

ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವನು ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಒಳ್ಳೆಯ ಅಂಕ ಪಡೆದು ಪದವಿ ಮುಗಿಸಿ, ಎಂ.ಎಸ್ಸಿ.ಗೆ ಅರ್ಜಿ ಹಾಕುವ ಹೊತ್ತಿಗೆ ನನ್ನ ಬಳಿ ಬಂದ. ಆ ಕಾಲಂ ಅನ್ನು ಖಾಲಿ ಬಿಟ್ಟರೆ ಆಗುತ್ತದೆಯೇ ಎಂದು ಕೇಳಿದ. ಕಾರಣ ಕೇಳಿದೆ. ತರಗತಿಯಲ್ಲಿ ಯಾರೋ ಅವನನ್ನು ಕೋಟಾದ ಸೀಟಿನವನು ಎಂದು ಹಂಗಿಸಿದ್ದರಂತೆ. ಭಿಕ್ಷೆ ಬೇಡಿದ ಹಾಗೆ ಅನಿಸುತ್ತದೆ ಎಂದು ತಲೆ ತಗ್ಗಿಸಿದ. ಅಂದು ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಸರಿಯಾದ ಉತ್ತರ ಕೊಡಲಿಲ್ಲ ಎಂಬ ಕೊರಗು ಮಾತ್ರ ಉಳಿಯಿತು. ಆ ಉತ್ತರವನ್ನು ಒಬ್ಬ ಮಹನೀಯರ ಜೀವನದ ಮೂಲಕ ಈ ಪುಟಗಳಲ್ಲಿ ಕೊಡಲು ಪ್ರಯತ್ನಿಸುತ್ತೇನೆ. ಅವರು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು.

ಹತ್ತು ವರ್ಷದ ದೊರೆ

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು, ಮೈಸೂರು ಅರಮನೆಯಲ್ಲಿ. ತಂದೆ ಚಾಮರಾಜೇಂದ್ರ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. 1894ರ ಡಿಸೆಂಬರ್ ಕೊನೆಯಲ್ಲಿ ಕಲ್ಕತ್ತೆಗೆ ಹೋಗಿದ್ದ ತಂದೆ ಅಲ್ಲಿಯೇ ಕಾಯಿಲೆಯಿಂದ ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ. 1895ರ ಫೆಬ್ರವರಿಯಲ್ಲಿ ಆ ಬಾಲಕನಿಗೆ ಪಟ್ಟವಾಯಿತು. ಅವರು ಪ್ರಾಪ್ತವಯಸ್ಕರಾಗುವ ತನಕ, ಅಂದರೆ 1902ರ ಆಗಸ್ಟ್ 8ರವರೆಗೆ, ತಾಯಿಯವರೇ ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸಿದರು.

ಆ ತಾಯಿಯ ಹೆಸರು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಹಿರಿಯೂರು ಬಳಿ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ಜಲಾಶಯಕ್ಕೆ ವಾಣೀವಿಲಾಸ ಸಾಗರ ಎಂಬ ಹೆಸರು ಬಂದಿದ್ದು ಅವರಿಂದಲೇ. ಅಲ್ಲಿಂದ ಮುಂದೆ ವೇದಾವತಿ ಹರಿದು ಬರುವುದು ನಮ್ಮ ಚಳ್ಳಕೆರೆ ತಾಲ್ಲೂಕಿಗೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಏಳು ವರ್ಷ ರಾಜ್ಯವನ್ನೂ ಮಗನ ಓದನ್ನೂ ಒಟ್ಟಿಗೆ ನೋಡಿಕೊಂಡಳು ಎಂಬುದನ್ನು ನಮ್ಮ ಮನೆಗಳ ತಾಯಂದಿರು ತಿಳಿಯಬೇಕು.

ಮಗನ ಓದಿಗೆ ಸ್ಟೂವರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯನ್ನು ಗುರುವಾಗಿ ನೇಮಿಸಲಾಯಿತು. ಹುಡುಗ ಒಂಟಿಯಾಗಿ ಓದಬಾರದೆಂದು ಜೊತೆಗೆ ಕೆಲವು ಸಹಪಾಠಿಗಳನ್ನೂ ಸೇರಿಸಿದರು. ಅವರಲ್ಲಿ ಒಬ್ಬ ಹುಡುಗ ಬೆಂಗಳೂರಿನ ಮಿರ್ಜಾ ಇಸ್ಮಾಯಿಲ್. ಇರಾನಿನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿ ನೆಲೆಸಿದ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ. ಮಹಾರಾಜ ಮತ್ತು ವರ್ತಕರ ಮನೆತನದ ಹುಡುಗ, ಹಿಂದೂ ಮತ್ತು ಮುಸ್ಲಿಂ, ಒಂದೇ ತರಗತಿಯಲ್ಲಿ ಕುಳಿತು ಒಂದೇ ಪಾಠ ಓದಿದರು, ಒಂದೇ ಮೈದಾನದಲ್ಲಿ ಆಡಿದರು. ಆ ಗೆಳೆತನ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. ಬೇರೆಯವರ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುವುದೇ ಒಂದು ವಿದ್ಯೆ. ನಾಲ್ವಡಿಯವರು ಅದನ್ನು ಬಾಲ್ಯದಲ್ಲಿಯೇ ಕಲಿತರು.

ಮಹಾರಾಜರು ಮಿತಭಾಷಿ. ದೈವಭಕ್ತರು. ವೀಣೆ, ಪಿಟೀಲು ಮುಂತಾದ ಹಲವು ವಾದ್ಯಗಳನ್ನು ಬಲ್ಲವರು. ವೀಣೆ ಶೇಷಣ್ಣನವರಿದ್ದ ಆಸ್ಥಾನದಲ್ಲಿಯೇ ಸಿತಾರ್ ವಾದಕ ಬರ್ಕತುಲ್ಲಾ ಖಾನ್ ಅವರಿಗೂ ಮನ್ನಣೆಯಿತ್ತು. ಆಗ್ರಾ ಘರಾಣೆಯ ಉಸ್ತಾದ್ ಫೈಯಾಜ್ ಖಾನ್ ಅವರಿಗೆ ಆಫ್ತಾಬ್‌-ಎ-ಮೌಸಿಕಿ ಎಂಬ ಬಿರುದು ಸಂದಿದ್ದು ಮೈಸೂರಿನಿಂದಲೇ. ಯಾವ ಮನೆಯಲ್ಲಿ ಹುಟ್ಟಿದವನು ಎಂದು ಕೇಳುವ ಮೊದಲು ಏನು ಬಲ್ಲವನು ಎಂದು ಕೇಳುವ ಗುಣ ಅವರಿಗೆ ಸಂಗೀತದಿಂದಲೇ ಬಂದಿರಬಹುದು.

ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ

ಅವರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು, ಕನ್ನಂಬಾಡಿ ಕಟ್ಟೆ ಬಂತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂತು. ಇವನ್ನೆಲ್ಲ ಪಠ್ಯಪುಸ್ತಕದಲ್ಲಿ ನೀವು ಓದಿದ್ದೀರಿ. ನಾವಿಲ್ಲಿ ವಿದ್ಯೆಯ ಮಾತನ್ನು ಮಾತ್ರ ನೋಡೋಣ.

1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದು, ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. ಅದೇ ದಶಕದಲ್ಲಿ ಸರ್ಕಾರಿ ಶಾಲೆಗಳಿಗೆ ಅಸ್ಪೃಶ್ಯರೆನಿಸಿದವರ ಮಕ್ಕಳನ್ನೂ ಸೇರಿಸಬೇಕೆಂಬ ನಿಲುವನ್ನು ಸರ್ಕಾರ ತೆಗೆದುಕೊಂಡಿತು. ವಿರೋಧ ಬಂದರೂ ಆ ನಿಲುವಿನಿಂದ ಹಿಂದೆ ಸರಿಯಲಿಲ್ಲ.

ಆದರೆ ಶಾಲೆಯ ಮೇಲೆ ಕಾಲೇಜು, ಕಾಲೇಜಿನ ಮೇಲೆ ಏನು? ಆಗ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಠ್ಯ ಅಲ್ಲಿನದು, ಪರೀಕ್ಷೆ ಅಲ್ಲಿನದು. ಮೈಸೂರಿನ ಮಗು ಏನು ಓದಬೇಕೆಂದು ಮದರಾಸಿನಲ್ಲಿ ತೀರ್ಮಾನವಾಗುತ್ತಿತ್ತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮ ಮತ್ತು ಮಹಾರಾಜರ ಬೆಂಬಲ ಸೇರಿ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಜನ್ಮ ತಾಳಿತು. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ದೇಶೀ ಸಂಸ್ಥಾನದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಮಹಾರಾಜರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಅನಂತರ ಬಂಗಾಳದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲ್ ಅವರನ್ನು ಕರೆಸಿ ಕುಲಪತಿಯನ್ನಾಗಿ ಮಾಡಿದರು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಕೂಡ ನಾಲ್ವಡಿಯವರೇ.

ಎರಡು ವರ್ಷದ ನಂತರ, 1918ರಲ್ಲಿ, ಪಕ್ಕದ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. 1920ರಲ್ಲಿ ಸರ್ ಸೈಯದ್ ಅಹಮದ್ ಖಾನ್ ಅವರು ಕಟ್ಟಿದ ಅಲಿಗಢದ ಕಾಲೇಜು ವಿಶ್ವವಿದ್ಯಾಲಯವಾಯಿತು. ನಮ್ಮ ಮಕ್ಕಳು ಏನು ಓದಬೇಕೆಂಬುದನ್ನು ನಾವೇ ತೀರ್ಮಾನಿಸಬೇಕು ಎಂಬ ಹಂಬಲ ದೇಶದಲ್ಲೆಲ್ಲ ಎದ್ದಿದ್ದ ಕಾಲವದು.

ಬಾಗಿಲು ತೆರೆದರೆ ಸಾಕೇ?

ಈಗ ನಮ್ಮ ಪ್ರಶ್ನೆಗೆ ಬರೋಣ. ವಿಶ್ವವಿದ್ಯಾಲಯದ ಬಾಗಿಲ ಮೇಲೆ ಇಂಥ ಜಾತಿಯವರು ಬರಬಾರದು ಎಂದು ಬರೆದಿರಲಿಲ್ಲ. ಪರೀಕ್ಷೆ ಪಾಸಾದವರು ಬರಬಹುದಿತ್ತು. ಆದರೂ ಬರುತ್ತಿದ್ದವರು ಯಾರು? ತಲೆಮಾರುಗಳಿಂದ ಅಕ್ಷರ ಬಲ್ಲ ಮನೆಗಳವರು, ಪಟ್ಟಣದಲ್ಲಿ ಮನೆಯುಳ್ಳವರು, ಇಂಗ್ಲಿಷ್ ಕಲಿಯಲು ಅನುಕೂಲವಿದ್ದವರು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣ ಸಮುದಾಯದವರೇ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಇದ್ದರು. ಅವರು ಓದಿ ಬಂದವರೇ, ಕದ್ದು ಬಂದವರಲ್ಲ. ಆದರೆ ಹೊಲದಲ್ಲಿ, ಮಗ್ಗದಲ್ಲಿ, ಗಾಣದಲ್ಲಿ ದುಡಿಯುವವರ ಮಕ್ಕಳು ಆ ಬಾಗಿಲ ತನಕ ನಡೆದುಬರಲು ದಾರಿಯೇ ಇರಲಿಲ್ಲ.

1917ರಲ್ಲಿ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮೊದಲಾದ ಸಮುದಾಯಗಳ ಮುಖಂಡರು ಸೇರಿ ಪ್ರಜಾಮಿತ್ರ ಮಂಡಳಿ ಎಂಬ ಸಂಸ್ಥೆ ಕಟ್ಟಿದರು. ಮರುವರ್ಷ ಅವರು ಮಹಾರಾಜರನ್ನು ಕಂಡು ಅಹವಾಲು ಸಲ್ಲಿಸಿದರು. ಮಹಾರಾಜರು ಅದನ್ನು ಕೇಳಿ ಪಕ್ಕಕ್ಕಿಡಲಿಲ್ಲ. 1918ರ ಆಗಸ್ಟ್‌ನಲ್ಲಿ ಮೈಸೂರಿನ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಇದನ್ನೇ ಮಿಲ್ಲರ್ ಸಮಿತಿ ಎನ್ನುತ್ತೇವೆ.

ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಮೊದಲು ಎಲ್ಲರಿಗೂ ಶಿಕ್ಷಣ ಹರಡಬೇಕು, ಹುದ್ದೆಗಳನ್ನು ಮಾತ್ರ ಅರ್ಹತೆ ನೋಡಿಯೇ ಕೊಡಬೇಕು ಎಂಬುದು ಅವರ ನಿಲುವು. ಅದು ಸ್ವಾರ್ಥದ ಮಾತಾಗಿರಲಿಲ್ಲ, ನಂಬಿಕೆಯ ಮಾತಾಗಿತ್ತು. ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರದಿಂದ ನಿರ್ಗಮಿಸಿದರು. ಆ ನಿರ್ಗಮನದ ಮುಖ್ಯ ಕಾರಣಗಳಲ್ಲಿ ಈ ಭಿನ್ನಾಭಿಪ್ರಾಯವೂ ಒಂದು. ನೋಡಿ, ಕನ್ನಂಬಾಡಿ ಕಟ್ಟಿದ, ವಿಶ್ವವಿದ್ಯಾಲಯ ಕಟ್ಟಿದ, ತಮಗೆ ಅಷ್ಟು ಬೇಕಾಗಿದ್ದ ದಿವಾನರು ದೂರವಾಗುತ್ತಿದ್ದಾರೆ. ಮಹಾರಾಜರಿಗೆ ಇದು ಸುಲಭದ ಸಂಗತಿಯಾಗಿರಲಿಲ್ಲ. ಸಮಿತಿಯನ್ನು ಹಿಂತೆಗೆದುಕೊಂಡಿದ್ದರೆ ಯಾರೂ ಅವರನ್ನು ಪ್ರಶ್ನಿಸುತ್ತಿರಲಿಲ್ಲ. ಅವರು ಹಿಂತೆಗೆದುಕೊಳ್ಳಲಿಲ್ಲ.

1919ರಲ್ಲಿ ವರದಿ ಬಂತು. ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲದ ಸಮುದಾಯಗಳನ್ನು ಅದು ಹಿಂದುಳಿದವು ಎಂದು ಗುರುತಿಸಿತು. ಮುಸ್ಲಿಮರೂ ಅದರಲ್ಲಿದ್ದರು. ಪರೀಕ್ಷೆಯ ಅಂಕವೊಂದೇ ದಕ್ಷತೆಯ ಅಳತೆಯಲ್ಲ ಎಂದು ಸಮಿತಿ ವಾದಿಸಿತು. 1921ರ ಮೇ ತಿಂಗಳಲ್ಲಿ ಸರ್ಕಾರದ ಆದೇಶ ಹೊರಟಿತು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ ಭಾಗಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂಬುದು ಅದರ ಗುರಿ. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿಯೇ ಇಂಥ ಹೆಜ್ಜೆಯಿಟ್ಟಿದ್ದರು. ಅವರ ನಂತರ ದೇಶದಲ್ಲಿ ಈ ದಾರಿ ಹಿಡಿದ ಮೊದಲಿಗರ ಸಾಲಿನಲ್ಲಿ ನಾಲ್ವಡಿಯವರಿದ್ದಾರೆ.

ಹುದ್ದೆಯ ಮಾತು ಎಲ್ಲರಿಗೂ ನೆನಪಿದೆ. ಆದರೆ ಶಿಕ್ಷಕನಾದ ನನಗೆ ಆ ವರದಿಯ ಇನ್ನೊಂದು ಭಾಗ ಹೆಚ್ಚು ಮುಖ್ಯ. ಹಿಂದುಳಿದ ಸಮುದಾಯಗಳ ಮಕ್ಕಳಿಗೆ ಉದಾರವಾಗಿ ವಿದ್ಯಾರ್ಥಿವೇತನ ಕೊಡಬೇಕು, ಅವರಿಗೆ ವಿದ್ಯಾರ್ಥಿನಿಲಯಗಳಾಗಬೇಕು ಎಂದು ಅದು ಹೇಳಿತು. ಯಾಕೆಂದರೆ ಬಾಗಿಲು ಎತ್ತರದಲ್ಲಿದೆ. ಕೆಲವರ ಮನೆಯ ಅಂಗಳ ಬಾಗಿಲಿನಷ್ಟೇ ಎತ್ತರದಲ್ಲಿದ್ದರೆ, ಕೆಲವರ ಮನೆ ತಗ್ಗಿನಲ್ಲಿದೆ. ತಗ್ಗಿನವರಿಗೆ ಬಾಗಿಲು ತೆರೆದಿದೆ ಬನ್ನಿ ಎಂದರೆ ಸಾಲದು, ಮೆಟ್ಟಿಲು ಕಟ್ಟಿಕೊಡಬೇಕು. ಫೀಜು ಒಂದು ಮೆಟ್ಟಿಲು. ಊಟ ಮತ್ತು ವಸತಿ ಒಂದು ಮೆಟ್ಟಿಲು. ಭಾಷೆ ಒಂದು ಮೆಟ್ಟಿಲು. ಒಳಗೆ ಹೋದ ಮೇಲೆ ನಮ್ಮವನೆಂದು ಬಗೆಯುವ ಗುರು ಮತ್ತೊಂದು ಮೆಟ್ಟಿಲು.

ತಳುಕಿನಿಂದ ಹೋದ ಒಬ್ಬ ಗುರು

ಈ ಕೊನೆಯ ಎರಡು ಮೆಟ್ಟಿಲುಗಳನ್ನು ಕಟ್ಟಿದವರಲ್ಲಿ ನಮ್ಮ ತಾಲ್ಲೂಕಿನವರೊಬ್ಬರು ಇದ್ದಾರೆಂಬುದು ಎಷ್ಟು ಮಂದಿಗೆ ಗೊತ್ತು? ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ದಾರಿಯಲ್ಲಿ ತಳುಕು ಗ್ರಾಮವಿದೆ. ಬಸ್ಸಿನಲ್ಲಿ ಕುಳಿತು ಎಷ್ಟೋ ಸಲ ದಾಟಿ ಹೋಗಿದ್ದೇವೆ. ಆ ಊರಿನ ಸುಬ್ಬಣ್ಣನವರ ಮಗ ತ.ಸು. ವೆಂಕಣ್ಣಯ್ಯನವರು. 1885ರಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು ಅವರೇ. ಅವರ ತಮ್ಮ ತ.ಸು. ಶಾಮರಾಯರೂ ಕನ್ನಡದ ಪ್ರಾಧ್ಯಾಪಕರಾದರು. ದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಹಿಡಿದಿಟ್ಟ ತ.ರಾ.ಸು. ಅದೇ ಮನೆತನದವರು.

ವಿಶ್ವವಿದ್ಯಾಲಯ ಹುಟ್ಟಿ ಹತ್ತು ವರ್ಷವಾದರೂ ಕನ್ನಡದಲ್ಲಿ ಎಂ.ಎ. ಇರಲಿಲ್ಲ. ಕನ್ನಡ ಮನೆಯ ಮಾತು, ಇಂಗ್ಲಿಷ್ ಕಾಲೇಜಿನ ಮಾತು ಎಂಬ ಭಾವನೆ ಬೇರೂರಿತ್ತು. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಮಲೆನಾಡಿನ ಕುಪ್ಪಳಿಯ ಒಕ್ಕಲುತನದ ಮನೆಯಿಂದ ಬಂದಿದ್ದ ಪುಟ್ಟಪ್ಪ ಎಂಬ ಯುವಕ ಆಗ ತತ್ತ್ವಶಾಸ್ತ್ರ ಓದಬೇಕೆಂದು ಮನಸ್ಸು ಮಾಡಿದ್ದ. ವೆಂಕಣ್ಣಯ್ಯನವರು ಅವನಿಗೆ ತಿಳಿಹೇಳಿ ಕನ್ನಡಕ್ಕೆ ಸೇರಿಸಿಕೊಂಡರು. ಗುರು ಬ್ರಾಹ್ಮಣ, ಶಿಷ್ಯ ಒಕ್ಕಲಿಗ. ಅವರಿಬ್ಬರ ನಡುವೆ ಆ ಗೋಡೆ ಏಳಲೇ ಇಲ್ಲ. ಆ ಮೊದಲ ತಂಡದಲ್ಲಿ ಓದಿದ ಪುಟ್ಟಪ್ಪನೇ ಮುಂದೆ ಕುವೆಂಪು ಆದರು. 1956ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು, ಮಾನಸಗಂಗೋತ್ರಿಯನ್ನು ಕಟ್ಟಿದರು. ತಮ್ಮ ಮಹಾಕಾವ್ಯ ಶ್ರೀ ರಾಮಾಯಣ ದರ್ಶನಂ ಕೃತಿಯನ್ನು ಆಗಲೇ ತೀರಿಕೊಂಡಿದ್ದ ಗುರು ವೆಂಕಣ್ಣಯ್ಯನವರಿಗೆ ಅರ್ಪಿಸಿದರು.

ಇಲ್ಲಿ ಒಂದು ಪಾಠವಿದೆ. ಆದೇಶವನ್ನು ಅರಮನೆ ಹೊರಡಿಸಬಹುದು. ತರಗತಿಯಲ್ಲಿ ಅದಕ್ಕೆ ಜೀವ ಬರಬೇಕಾದರೆ ವೆಂಕಣ್ಣಯ್ಯನವರಂಥ ಗುರು ಬೇಕು.

ಅದೇ ವಿಶ್ವವಿದ್ಯಾಲಯದಲ್ಲಿ ಇರಾನಿ ಮೂಲದ ವಿದ್ವಾಂಸ ಎ.ಎಂ.ಎ. ಶುಸ್ತರಿಯವರು ಪಾರ್ಸಿ ಪ್ರಾಧ್ಯಾಪಕರಾಗಿದ್ದರು. ಇಸ್ಲಾಮಿ ಸಂಸ್ಕೃತಿಯನ್ನು ಕುರಿತ ಅವರ ದೊಡ್ಡ ಇಂಗ್ಲಿಷ್ ಗ್ರಂಥ 1938ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಒಬ್ಬರು ಕನ್ನಡ, ಇನ್ನೊಬ್ಬರು ಪಾರ್ಸಿ. ಎರಡಕ್ಕೂ ಜಾಗವಿದ್ದ ವಿಶ್ವವಿದ್ಯಾಲಯ ಅದು. ಕನ್ನಡ ಮತ್ತು ಉರ್ದು ಎರಡನ್ನೂ ಕಲಿಸುವ ನನ್ನಂಥವರಿಗೆ ಇದನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ.

ಗೆಳೆಯನನ್ನು ಕೈಬಿಡದ ದೊರೆ

ಬಾಲ್ಯದ ಗೆಳೆಯ ಮಿರ್ಜಾ ಇಸ್ಮಾಯಿಲ್ ಅವರು 1905ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು ಸರ್ಕಾರಿ ಸೇವೆಗೆ ಸೇರಿದರು. ಮಹಾರಾಜರ ಕಾರ್ಯದರ್ಶಿಯಾಗಿ ದುಡಿದು, 1926ರಲ್ಲಿ ಮೈಸೂರಿನ ದಿವಾನರಾದರು. ಬಹುಸಂಖ್ಯಾತರು ಹಿಂದೂಗಳಾಗಿರುವ ರಾಜ್ಯದಲ್ಲಿ, ಧರ್ಮನಿಷ್ಠನಾದ ಹಿಂದೂ ದೊರೆಯೊಬ್ಬ ಮುಸ್ಲಿಂ ದಿವಾನರನ್ನು ಆರಿಸಿಕೊಂಡದ್ದು ಕೆಲವರಿಗೆ ಸಹಿಸಲಿಲ್ಲ. 1928ರಲ್ಲಿ ಬೆಂಗಳೂರಿನ ಒಂದು ಶಾಲೆಯ ಆವರಣದ ಗಣೇಶನ ವಿಗ್ರಹದ ವಿಚಾರವಾಗಿ ಗಲಭೆಯೆದ್ದಾಗ ದಿವಾನರ ಮೇಲೆ ಕಟುವಾದ ಟೀಕೆ ಬಂತು. ಗಲಭೆಯ ವಿಚಾರಣಾ ಸಮಿತಿಗೆ ಅಧ್ಯಕ್ಷರಾದವರು ವಿಶ್ವೇಶ್ವರಯ್ಯನವರು. ಮಹಾರಾಜರು ವಿಚಾರಣೆಯನ್ನೂ ನಡೆಯಗೊಟ್ಟರು, ಗೆಳೆಯನನ್ನೂ ಕೈಬಿಡಲಿಲ್ಲ. ಮಿರ್ಜಾ ಅವರು 1941ರವರೆಗೆ ದಿವಾನರಾಗಿದ್ದರು. ಮೈಸೂರು, ಬೆಂಗಳೂರುಗಳ ಅಂದವಾದ ರಸ್ತೆ ಉದ್ಯಾನಗಳಲ್ಲಿ ಅವರ ಕೈಕೆಲಸವಿದೆ.

ಉಳಿದ ಕೊರತೆಗಳು

ಮಹನೀಯರ ಚರಿತ್ರೆ ಬರೆಯುವಾಗ ಕೊರತೆಗಳನ್ನು ಮುಚ್ಚಿಡುವುದು ಸಲ್ಲ. ಮಿಲ್ಲರ್ ವರದಿಯ ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಹಿಂದುಳಿದವರೆಂಬ ಒಂದೇ ಹೆಸರಿನಡಿ ಎಲ್ಲರನ್ನೂ ಸೇರಿಸಿದ್ದರಿಂದ, ಅವರಲ್ಲಿ ಭೂಮಿಯಿದ್ದವರು, ಸಂಘಟನೆಯಿದ್ದವರು, ಮಠಗಳ ವಿದ್ಯಾರ್ಥಿನಿಲಯಗಳಿದ್ದವರು ಮೊದಲು ಮುಂದೆ ಹೋದರು. ದಲಿತರು, ಬೇಡ ನಾಯಕರು, ಗೊಲ್ಲರಂಥ ಸಮುದಾಯಗಳು ಬಹಳ ಕಾಲ ಹಿಂದೆಯೇ ಉಳಿದವು. ಮುಸ್ಲಿಮರ ನಡುವೆಯೂ ಪಟ್ಟಣದ ಅನುಕೂಲಸ್ಥರು ಓದಿದರು, ಹಳ್ಳಿಯ ಬಡವರ ಮಕ್ಕಳು ಓದಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಹೇಳುವುದೇ ಬೇಡ.

ಆ ಕೊರತೆಯನ್ನು ತಿದ್ದಲು ಅರ್ಧ ಶತಮಾನ ಬೇಕಾಯಿತು. ದೇವರಾಜ ಅರಸು ಅವರ ಕಾಲದಲ್ಲಿ ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದವರನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿದ ಆದೇಶ ಬಂತು. 2ಬಿ ಎಂಬ ಪ್ರತ್ಯೇಕ ಪ್ರವರ್ಗ ಮತ್ತು ಶೇಕಡಾ 4ರ ಮೀಸಲು 1990ರ ದಶಕದ ನಡುವಿನಲ್ಲಿ ಬಂದವು. 2023ರ ಮಾರ್ಚ್‌ನಲ್ಲಿ ಅದನ್ನು ರದ್ದುಪಡಿಸುವ ಆದೇಶ ಹೊರಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಗೆ ಬರಲಿಲ್ಲ. ಅರ್ಜಿಯ ಆ ಪುಟ್ಟ ಕಾಲಂ ಹಿಂದೆ ನೂರು ವರ್ಷಗಳ ವಾದ, ವರದಿ, ಹೋರಾಟ ಇವೆ ಎಂಬುದು ಈಗ ನಿಮಗೆ ತಿಳಿಯಿತು.

ಅಂತ್ಯ

1940ರ ಆಗಸ್ಟ್ 3ರಂದು ನಾಲ್ವಡಿಯವರು ಬೆಂಗಳೂರಿನಲ್ಲಿ ನಿಧನರಾದರು. ವಯಸ್ಸು 56. ಮಕ್ಕಳಿರಲಿಲ್ಲ. ತಮ್ಮನಾದ ಯುವರಾಜರು ಅದೇ ವರ್ಷ ಕೆಲವು ತಿಂಗಳ ಹಿಂದೆ ತೀರಿಕೊಂಡಿದ್ದರಿಂದ, ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಗಾಂಧೀಜಿಯವರು ಕೊಟ್ಟ ರಾಜರ್ಷಿ ಎಂಬ ಹೆಸರು ನಾಲ್ವಡಿಯವರ ಹೆಸರಿನೊಡನೆ ಶಾಶ್ವತವಾಗಿ ಉಳಿಯಿತು.

ನಮ್ಮ ಊರು, ನಮ್ಮ ಮೆಟ್ಟಿಲು

ಓದುಗ ಮಿತ್ರರೇ, ಮೈಸೂರಿನ ಕಥೆ ನಮಗೆ ದೂರದ್ದಲ್ಲ. ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ ಬೇರೆಯಾಗಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿತು. ಅದರಿಂದ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿ, ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿದವು. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಮೂಟೆ ಹೊರುವವರ ಮಗ, ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಕೂರುವವರ ಮಗಳು ಇಂದು ಪಡೆಯುವ ಪದವಿ ಆ 1916ರ ಮರದ ಕೊಂಬೆಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ನಾಲ್ವಡಿಯವರ ಕಾಲದಲ್ಲಿ ಸುಮಾರು 370 ಎಕರೆ ಭೂಮಿ ಕೊಟ್ಟಿತು. ಅದೇ ಸಂಸ್ಥೆಯ ಎರಡನೆಯ ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆಯಲ್ಲಿದೆ. ಆ ಕಾವಲಿನಲ್ಲಿ ದನ ಕುರಿ ಮೇಯಿಸುತ್ತಿದ್ದವರು ತಮ್ಮ ಹುಲ್ಲುಗಾವಲು ಹೋಯಿತೆಂದು ಪಟ್ಟ ಸಂಕಟವನ್ನೂ ನಾವು ಮರೆಯಬಾರದು. ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಪ್ರಯೋಗಾಲಯವನ್ನೇ ಕಾಣದ ಶಾಲೆಗಳ ಮೇಷ್ಟ್ರುಗಳು ಅಲ್ಲಿ ತಮ್ಮ ಕೈಯಿಂದ ಪ್ರಯೋಗ ಮಾಡಿ ಬರುತ್ತಾರೆ. ಇದೂ ಒಂದು ಮೆಟ್ಟಿಲೇ. ಆದರೆ ಬೇಲಿಯ ಹೊರಗಿನ ಹಟ್ಟಿಯ ಹುಡುಗ ಮುಂದೊಂದು ದಿನ ವಿದ್ಯಾರ್ಥಿಯಾಗಿ ಆ ಗೇಟಿನೊಳಗೆ ಹೋದಾಗಲೇ ಆ ಭೂಮಿಯ ಋಣ ತೀರುವುದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋದೆ. ಸೀಟು ಸಿಕ್ಕಿತ್ತು, ಫೀಜು ಕಟ್ಟಿತ್ತು. ಆದರೆ ಮೊದಲ ಮೂರು ತಿಂಗಳು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಒಮ್ಮೆ ಉತ್ತರ ಗೊತ್ತಿದ್ದೂ ಎದ್ದು ನಿಂತು, ಕನ್ನಡದ ಒಂದು ಪದ ತಪ್ಪಿ, ಎಲ್ಲರೂ ನಕ್ಕರು. ಪಾಠ ಮಾಡುತ್ತಿದ್ದವರೂ ನಕ್ಕರು. ಆ ವರ್ಷ ನನ್ನ ಜೊತೆ ಸೇರಿದ್ದ ಇಬ್ಬರು ಕಾಲೇಜು ಬಿಟ್ಟರು. ಅವರು ದಡ್ಡರಾಗಿರಲಿಲ್ಲ. ಒಬ್ಬ ಇಂದು ಗ್ಯಾರೇಜ್ ನಡೆಸುತ್ತಾನೆ, ಲೆಕ್ಕದಲ್ಲಿ ನನಗಿಂತ ಚುರುಕು. ಅವರಿಗೆ ಬಾಗಿಲು ತೆರೆದಿತ್ತು, ಒಂದು ಮೆಟ್ಟಿಲು ಇರಲಿಲ್ಲ. ನಾನು ಉಳಿದುಕೊಂಡದ್ದು ಒಬ್ಬ ಹಿರಿಯ ವಿದ್ಯಾರ್ಥಿ, ಹಳ್ಳಿಯ ನಾಯಕರ ಹುಡುಗ, ಸಂಜೆ ಹೊತ್ತು ಕನ್ನಡ ನೋಟ್ಸು ಓದಿಸಿದ್ದರಿಂದ. ನಾನು ಕನ್ನಡ ಮೇಷ್ಟ್ರಾದದ್ದರಲ್ಲಿ ಅವನ ಪಾಲು ದೊಡ್ಡದು.

ಇಂದು ನಿಯಮಗಳು ಬೇಕಾದಷ್ಟಿವೆ. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳಲು ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲಿಯೇ ನಿಯಮ ಮಾಡಿತು. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅಂಥ ಕೋಶದ ಬಾಗಿಲು ನೋಡಿದ್ದಾರೆ? ಇರುವ ಮೆಟ್ಟಿಲು ಕಳಚುವುದೂ ಉಂಟು. ಸಂಶೋಧನೆ ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತಿತು. ಆದ್ದರಿಂದ ಸರ್ಕಾರವನ್ನು ಕೇಳುವುದರ ಜೊತೆಗೆ ನಾವೂ ಮೆಟ್ಟಿಲು ಕಟ್ಟಬೇಕು.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಪಿಯುಸಿ ಫಲಿತಾಂಶ ಬಂದ ವಾರದಲ್ಲಿಯೇ ಜಾತಿ ಆದಾಯ ಪತ್ರ, ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿ ತುಂಬಿಸಲು ಚಳ್ಳಕೆರೆಯಲ್ಲೊಂದು, ಮೊಳಕಾಲ್ಮುರಿನಲ್ಲೊಂದು ಶಿಬಿರ ನಡೆಸೋಣ. ಕೊನೆಯ ದಿನಾಂಕ ದಾಟಿ ಸೌಲಭ್ಯ ಕಳೆದುಕೊಳ್ಳುವ ಮಕ್ಕಳು ಪ್ರತಿ ವರ್ಷ ಇದ್ದಾರೆ. ಉರ್ದು ಮಾಧ್ಯಮದಿಂದ ಬಂದವರಿಗೆ ಬೇಸಿಗೆಯಲ್ಲಿ ಎರಡು ತಿಂಗಳು ಕನ್ನಡ ಮತ್ತು ಇಂಗ್ಲಿಷ್ ತರಗತಿ ನಡೆಸೋಣ, ಕಲಿಸಲು ನಾನು ಸಿದ್ಧನಿದ್ದೇನೆ. ಆ ತರಗತಿಯಲ್ಲಿ ತೆಲುಗು ಮನೆಮಾತಿನ, ಹಟ್ಟಿಗಳ, ಕಾಲೋನಿಗಳ ಮಕ್ಕಳಿಗೂ ಜಾಗವಿರಲಿ. ನಮಗೆ ಬಾಗಿಲು ತೆರೆಯಿರಿ ಎಂದು ಕೇಳುವವರು ನಮ್ಮ ಬಾಗಿಲನ್ನು ಮುಚ್ಚಿಕೊಳ್ಳಬಾರದು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಸಿಗಲಿಲ್ಲವೆಂದು ಮದುವೆ ಮಾಡಿ ಮುಗಿಸುವ ಬದಲು, ದಾವಣಗೆರೆ, ಚಿತ್ರದುರ್ಗಗಳಲ್ಲಿ ನಾಲ್ಕಾರು ಮನೆಯವರು ಸೇರಿ ಒಂದು ಬಾಡಿಗೆ ಮನೆ ಮಾಡಿ ಓದಿಸೋಣ.

ಕೊನೆಯದಾಗಿ ನನ್ನ ಆ ಹಳೆಯ ವಿದ್ಯಾರ್ಥಿಗೆ ಒಂದು ಮಾತು. ಮಗು, ಆ ಕಾಲಂ ಅನ್ನು ಖಾಲಿ ಬಿಡಬೇಡ. ಅದು ಭಿಕ್ಷೆಯ ಪಾತ್ರೆಯಲ್ಲ. ದಿವಾನರನ್ನೇ ಕಳೆದುಕೊಳ್ಳಬೇಕಾಗಿ ಬಂದರೂ ಹಿಂದೆಗೆಯದ ಒಬ್ಬ ದೊರೆ ಕಟ್ಟಿಸಲು ಆರಂಭಿಸಿದ ಮೆಟ್ಟಿಲು ಅದು. ಅದರ ಮೇಲೆ ಕಾಲಿಟ್ಟು ಹತ್ತು. ಒಳಗೆ ಹೋದ ಮೇಲೆ ಚೆನ್ನಾಗಿ ಓದು, ಯಾಕೆಂದರೆ ಮೆಟ್ಟಿಲು ಒಳಕ್ಕೆ ಕರೆದೊಯ್ಯುತ್ತದೆಯೇ ಹೊರತು ನಿನ್ನ ಪರವಾಗಿ ಪರೀಕ್ಷೆ ಬರೆಯುವುದಿಲ್ಲ. ನಾಳೆ ನೀನು ಪಾಠ ಮಾಡುವ ತರಗತಿಯಲ್ಲಿ ಯಾರಾದರೂ ಒಬ್ಬ ಹುಡುಗ ಪದ ತಪ್ಪಿ ನಿಂತಾಗ, ನಗಬೇಡ. ಅವನ ಪಕ್ಕದಲ್ಲಿ ಹೋಗಿ ನಿಲ್ಲು.